ಹುಳ ಅಂತ ಬರೆದರೆ

ಅವರು ಬಂದ ಬೆಳಿಗ್ಗೆ ಕೆಳಗಿನ ಮನೆಯಲ್ಲಿ ಟ್ಯೂಷನ್ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಮನೆಯ ಮಹಡಿಯಲ್ಲಿ ನಮ್ಮ ಕಚೇರಿ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದವರು ನಲವತ್ತರ ಆಸುಪಾಸಿನ ಮನುಷ್ಯ. ಕಮಲಾಪುರದವರು, ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಎಂದು ಆಮೇಲೆ ತಿಳಿಯಿತು. ಯಾರನ್ನು ಮಾತಾಡಿಸಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತೇ ಇದ್ದರು.

“ಫೋನಿನ್ಯಾಗ ಹುಡುಕೋದು ಮಾಡ್ಯಾರಲ್ರೀ, ಅವರು ನೀವೇನು?”

ಹೌದು ಎಂದೆ. ಕುರ್ಚಿ ತೋರಿಸಿದೆ. ಕೂಡಲಿಲ್ಲ. ಫೋನನ್ನು ನನ್ನ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು.

“ನಾ ಬರದದ್ದು ತಪ್ಪದನೋ, ಬರೋಬ್ಬರಿ ಅದನೋ, ಅಷ್ಟು ನೋಡಿ ಹೇಳ್ರಿ.”

ಹುಡುಕಾಟದ ಚೌಕದಲ್ಲಿ ಒಂದೇ ಪದವಿತ್ತು: ಹುಳ. ಅದರ ಕೆಳಗೆ ನಮ್ಮ ಫಲಿತಾಂಶಗಳು. ತೊಗರಿಯ ಕಾಯಿಕೊರಕ ಹುಳಕ್ಕೆ ಯಾವಾಗ ಸಿಂಪಡಣೆ ಮಾಡಬೇಕು. ಬಾಳೆ ಗಡ್ಡೆ ಕೊರೆಯುವ ಹುಳದ ಲಕ್ಷಣಗಳು. ಶಾಲೆಯ ಮಕ್ಕಳಿಗೆ ಜಂತುಹುಳದ ಮಾತ್ರೆ. ಹಲ್ಲಿನ ಹುಳುಕು. ಎಲ್ಲವೂ ಸರಿಯಾದ ಪುಟಗಳೇ. ನಾನು ಕಣ್ಣೆತ್ತಿ, “ನಿಮಗ ಏನು ಬೇಕಾಗಿತ್ರೀ?” ಎಂದೆ.

“ನಮ್ಮ ಅಕ್ಕಗ ಹುಳ ಮುಟ್ಟಿತ್ರೀ.”

ಆ ಮಾತು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದ ಶಹಾಬಜಾರದ ಓಣಿಯಲ್ಲೂ ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹುಳ ಎನ್ನುತ್ತಾರೆ, ಕಚ್ಚಿತು ಎನ್ನದೆ ಮುಟ್ಟಿತು ಎನ್ನುತ್ತಾರೆ. ಮೆಕ್ಯಾನಿಕ್ ನಡೆದದ್ದನ್ನು ನಿಧಾನವಾಗಿ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. ಅಕ್ಕ ಕೆಂಪು ಬಾಳೆಯ ತೋಟದಲ್ಲಿ ಒಣ ಎಲೆ ಬಿಡಿಸುತ್ತಿದ್ದಳು. ಬುಡಕ್ಕೆ ಕೈಹಾಕಿದವಳು ಕೈ ಹಿಂದಕ್ಕೆಳೆದು, ‘ತಮ್ಮಾ, ಹುಳ ಮುಟ್ಟ್ಯಾದೋ’ ಎಂದಳು. ರಜೆಯ ಮೇಲೆ ಮನೆಯಲ್ಲಿದ್ದ ಇವರು ಓಡಿಹೋದರು. ಸುತ್ತ ಸೇರಿದ ಮಂದಿಯಲ್ಲಿ ಒಬ್ಬರು ವಿಷ ಇಳಿಸುವ ಇಂಜೆಕ್ಷನ್ ಇಲ್ಲೇ ಸಿಗುತ್ತದೆ ಎಂದರು, ಇನ್ನೊಬ್ಬರು ಇಲ್ಲ, ಶಹರಕ್ಕೇ ಒಯ್ಯಬೇಕು ಎಂದರು.

“ಇಲ್ಲೇ ಅದನೋ, ಕಲಬುರಗಿಗೇ ಹೋಗಬೇಕೋ, ಅದನ್ನ ನೋಡಾಕ ಬರದೆ. ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಪೋಸ್ಟರ್ ನೋಡಿದ್ದೆ. ಒಂದೇ ಪದ ಸಾಕು ಅಂತ ಬರದೀರಿ. ಒಂದೇ ಪದ ಬರದೆ. ತೊಗರಿ ಬಂತು. ತಪ್ಪು ಒತ್ತೀನಿ ಅಂತ ಅಳಿಸಿ ಮತ್ತ ಅದನ್ನೇ ಬರದೆ. ಮತ್ತ ತೊಗರಿ ಬಂತು.”

ಅದೇ ಪೋಸ್ಟರ್ ನನ್ನ ಹಿಂದಿನ ಗೋಡೆಯ ಮೇಲೂ ಇತ್ತು. ಅವರು ಅದನ್ನು ನೋಡಲಿಲ್ಲ, ನಾನೂ ತಿರುಗಲಿಲ್ಲ.

ಕೊನೆಗೆ ಪಕ್ಕದ ಮನೆಯವರ ಟೆಂಪೊ ಮಾಡಿಕೊಂಡು ಕಲಬುರಗಿಯ ದಾರಿ ಹಿಡಿದರು. ಶಹರ ಇನ್ನೂ ದೂರವಿರುವಾಗಲೇ ಅಕ್ಕನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ದವಾಖಾನೆ ಮುಟ್ಟಿದಾಗ ಉಸಿರಿರಲಿಲ್ಲ.

“ಹಂಗಾರ ಆ ಇಂಜೆಕ್ಷನ್ ನಮ್ಮಲ್ಲೇ ಇತ್ತೇನ್ರೀ?”

ನಾನು ನನ್ನ ಕಂಪ್ಯೂಟರಿನಲ್ಲಿ ‘ಹಾವು ಕಡಿತ ಚುಚ್ಚುಮದ್ದು’ ಎಂದು ಬರೆದೆ. ನಮ್ಮ ಪುಟ ತಕ್ಷಣ ಬಂತು, ಎಲ್ಲಕ್ಕಿಂತ ಮೇಲೆ. ಆಗ ಆ ಪುಟದಲ್ಲಿದ್ದದ್ದು ಚುಚ್ಚುಮದ್ದು ಇಟ್ಟಿರುವ ಊರುಗಳ ಹೆಸರು ಮತ್ತು ಫೋನ್ ನಂಬರುಗಳು ಮಾತ್ರ. ಕಮಲಾಪುರದ ಹೆಸರೂ ಇತ್ತು. ಟೆಂಪೊ ಅಲ್ಲಿನ ದವಾಖಾನೆಯನ್ನು ದಾಟಿಕೊಂಡೇ ಹೋಗಿತ್ತು. ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

“ಇತ್ರೀ,” ಎಂದೆ. “ನೀವು ಬರದದ್ದು ಬರೋಬ್ಬರಿನೇ ಅದ. ನಮ್ಮ ಮಷಿನ್‌ಗೆ ತಿಳಿಲಿಲ್ಲ.”

ಅವರು ತಲೆಯಾಡಿಸಿ ಫೋನ್ ಜೇಬಿಗಿಟ್ಟುಕೊಂಡರು. ಚಪ್ಪಲಿ ಮೆಟ್ಟಿಕೊಳ್ಳುವಾಗ, “ಅಷ್ಟೇ ಕೇಳೋದಿತ್ರೀ,” ಎಂದು ಮೆಟ್ಟಿಲಿಳಿದರು.

ನಮ್ಮದು ಒಂದು ಚಿಕ್ಕ ಸಂಸ್ಥೆ. ಬೆಳೆ, ಆರೋಗ್ಯ, ಪಿಂಚಣಿ, ಬಸ್ಸು, ಜಾತಿ ಪ್ರಮಾಣಪತ್ರ, ಹೀಗೆ ಹಳ್ಳಿಯವರಿಗೆ ಬೇಕಾದ ಮಾಹಿತಿಯನ್ನು ಕನ್ನಡದಲ್ಲಿ ಹುಡುಕಿಕೊಡುವ ಆ್ಯಪ್ ನಮ್ಮದು. ಬರೆದ ಪದಕ್ಕೂ ಪುಟಕ್ಕೂ ಹೊಂದಿಕೆ ಮಾಡುವುದು ನನ್ನ ಕೆಲಸ. ಯಾವ ಪದ ಬಂದರೆ ಯಾವ ಪುಟ ಮೇಲೆ ಬರಬೇಕು, ತಪ್ಪಾಗಿ ಬರೆದರೂ ಹೇಗೆ ಗುರುತಿಸಬೇಕು, ಇವೇ ನನ್ನ ದಿನಗಳು. ಸರ್ವರ್ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು, ಜಗತ್ ಸರ್ಕಲ್ ಹತ್ತಿರದವರು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ನಮ್ಮಿಬ್ಬರ ಮೇಲೆ ಮುಖ್ಯಸ್ಥರು. ಬಹುಕಾಲ ಕೃಷಿ ಸಲಹೆಗಾರರಾಗಿದ್ದು, ತೊಗರಿ ಬೆಳೆಯುವವರಿಗಾಗಿಯೇ ಇದನ್ನು ಕಟ್ಟಿದವರು.

ಉದ್ದದ ಪ್ರಶ್ನೆ ಬಂದರೆ ಯಂತ್ರಕ್ಕೆ ಕಷ್ಟವಿಲ್ಲ. ‘ತೊಗರಿ ಹೂವಿನಲ್ಲಿ ಹುಳ’ ಎಂದರೆ ಅಕ್ಕಪಕ್ಕದ ಪದಗಳೇ ದಾರಿ ತೋರಿಸುತ್ತವೆ. ಒಂದೇ ಪದ ಬಂದಾಗ ಆ ಪದಕ್ಕೆ ಸಂಗಡಿಗರಿಲ್ಲ. ಆಗ ಯಂತ್ರ ನೋಡುವುದು ಹಳೆಯ ಚಾಳಿಯನ್ನು, ಈ ಪದ ಬರೆದ ಹಿಂದಿನವರು ಯಾವ ಪುಟ ತೆರೆದರು ಎಂಬುದನ್ನು. ತೊಗರಿ ಹೂವಾಡುವ ಹೊತ್ತಿನಲ್ಲಿ ಹುಳ ಎಂದು ಬರೆದವರಲ್ಲಿ ಬಹುತೇಕರು ತೆರೆದದ್ದು ಕಾಯಿಕೊರಕದ ಪುಟ. ಹಾಗಾಗಿ ಅದು ಮೇಲೆ ಬಂತು. ಮೇಲೆ ಬಂದದ್ದರಿಂದ ಇನ್ನಷ್ಟು ಜನ ತೆರೆದರು. ನಮ್ಮ ಲೆಕ್ಕದಲ್ಲಿ ಅದು ಅತಿ ಯಶಸ್ವಿ ಪದಗಳಲ್ಲಿ ಒಂದು. ಏನನ್ನೂ ತೆರೆಯದೆ ಹೋದವರನ್ನು ನಾವು ‘ಸುಮ್ಮನೆ ನೋಡಿದವರು’ ಎಂಬ ಗುಂಪಿಗೆ ಹಾಕುತ್ತಿದ್ದೆವು. ಮೆಕ್ಯಾನಿಕ್ ಕೂಡ ಆ ಗುಂಪಿನಲ್ಲೇ ಇದ್ದರು.

ಮೊದಲು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಹುಳ ಎಂಬುದಕ್ಕೆ ಹಾವು ಎಂಬ ಅರ್ಥವನ್ನೂ ಸಮಾನಪದಗಳ ಕೋಶಕ್ಕೆ ಸೇರಿಸಿದೆ. ಪುಟ ಬಂತು, ಆದರೆ ತೀರಾ ಕೆಳಗೆ. ಸಾಧಾರಣ ಫೋನಿನ ಚಿಕ್ಕ ತೆರೆಯ ಮೇಲೆ ಅಲ್ಲಿಗೆ ತಲುಪಲು ಹೆಬ್ಬೆರಳಿನಿಂದ ಪದೇಪದೇ ಸರಿಸಬೇಕು. ಆತುರದ ಕೈ ಅಷ್ಟು ಕೆಳಗೆ ಹೋಗುವುದಿಲ್ಲ.

ಆಮೇಲೆ ಎಂಜಿನಿಯರ್ ಭಾಷಾ ಮಾದರಿಯೊಂದನ್ನು ತಂದು ಕೂರಿಸಿದರು. ಒಂದು ಪದ ಕೊಟ್ಟರೆ ಅದರ ಹಿಂದಿನ ಉದ್ದೇಶವನ್ನು ಊಹಿಸಿ ಪ್ರಶ್ನೆಯನ್ನು ಅದೇ ಪೂರ್ತಿ ಮಾಡಿಕೊಳ್ಳುತ್ತದೆ. ಸಣ್ಣ ಪ್ರಶ್ನೆಗಳಿಗೆ ಇದು ಒಳ್ಳೆಯ ಉಪಾಯವೆಂದು ನಮಗಿಬ್ಬರಿಗೂ ನಂಬಿಕೆಯಿತ್ತು. ‘ಪಗಾರ’, ‘ರೇಶನ್’ ಮೊದಲಾದ ಪದಗಳಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಹುಳ ಎಂದು ಕೊಟ್ಟೆವು. ‘ತೊಗರಿ ಬೆಳೆಯಲ್ಲಿ ಕಾಯಿಕೊರಕ ಹುಳದ ಹತೋಟಿ ಕ್ರಮಗಳು’ ಎಂದು ಪೂರ್ತಿ ಮಾಡಿತು. ಜಂತುಹುಳ, ರೇಷ್ಮೆಹುಳ, ಎರೆಹುಳ, ಎಲ್ಲವನ್ನೂ ಊಹಿಸಿತು. ಹಾವನ್ನು ಊಹಿಸಲಿಲ್ಲ. ಅದು ಕಲಿತದ್ದು ಅಚ್ಚಾದ ಕನ್ನಡದಿಂದ. ಅಚ್ಚಿನಲ್ಲಿ ಹಾವನ್ನು ಹಾವು ಎಂದೇ ಬರೆಯುತ್ತಾರೆ. ಬಾಯಲ್ಲಿ ಮಾತ್ರ ಅದು ಹುಳವಾಗುತ್ತದೆ, ಬಾಯ ಮಾತನ್ನು ಆ ಮಾದರಿಗೆ ಯಾರೂ ಓದಿಸಿರಲಿಲ್ಲ.

“ಹಮಾರೆ ಘರ್ ಮೇ ಭೀ ವೈಸಾಚ್,” ಎಂದರು ಎಂಜಿನಿಯರ್, ತೆರೆಯಿಂದ ಕಣ್ಣು ತೆಗೆಯದೆ. “ನಮ್ಮ ಮನ್ಯಾಗೂ ಹಂಗೇ. ಅಮ್ಮಿ ಕೀಡಾ ಅಂತಾಳ, ಅಂದ್ರ ಹುಳ. ಸಾಂಪ್ ಅಂದ್ರ ಬೈತಾಳ. ಕೀಡಾ ಅಂತ ಬರದ್ರ ನಮ್ಮದು ಏನು ತೋರಸ್ತದ ನೋಡ್ರಿ.”

ಬರೆದು ನೋಡಿದೆವು. ಹುಳದ ಯಾವ ಪುಟವನ್ನೂ ತೋರಿಸಲಿಲ್ಲ. ‘ಕ್ರೀಡಾ’ ಎಂದು ತಿದ್ದಿಕೊಂಡು ತಾಲ್ಲೂಕು ಕ್ರೀಡಾಕೂಟದ ಹಳೆಯ ಪ್ರಕಟಣೆಯನ್ನು ಕೊಟ್ಟಿತು. ನಾವಿಬ್ಬರೂ ನಗಲಿಲ್ಲ.

ಒಂದು ಪದಕ್ಕೆ ಹೀಗಾದರೆ ಇನ್ನುಳಿದವುಗಳ ಗತಿ ಏನೆಂದು ನಾನು ಒಂದೇ ಪದದ ಪ್ರಶ್ನೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಕುಳಿತೆ. ಆ ವಾರಗಳನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಎದೆನೋವೆಂದು ‘ಎದಿ’ ಎಂದು ಬರೆದವರಿಗೆ ನಾವು ಎದೆಹಾಲಿನ ಮಹತ್ವ ಹೇಳುತ್ತಿದ್ದೆವು. ಉಸಿರು ಕಟ್ಟಿ ‘ದಮ್ಮು’ ಎಂದವರಿಗೆ ಬೀಡಿ ಬಿಡುವ ಉಪಾಯ. ‘ಎಣ್ಣಿ’ ಎಂದವರಿಗೆ ಅಡುಗೆ ಎಣ್ಣೆಯ ದರ. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣಿ ಎನ್ನುತ್ತಾರೆ. ಹೊಲದಲ್ಲಿ ಸಿಂಪಡಿಸುವಾಗ ಅದು ಮೈಮೇಲೆ ಚೆಲ್ಲಿದವರು, ಅರಿಯದ ಕೂಸು ಡಬ್ಬಿಯನ್ನು ಬಾಯಿಗಿಟ್ಟ ಮನೆಯವರು, ಬರೆಯುವುದು ಆ ಒಂದೇ ಪದವನ್ನು. ಅವಸರದಲ್ಲಿರುವ ಮನುಷ್ಯ ವಾಕ್ಯ ಬರೆಯುವುದಿಲ್ಲ. ಬರೆದ ಪ್ರಶ್ನೆ ಎಷ್ಟು ಚಿಕ್ಕದೋ ಅದರ ಹಿಂದಿನ ಕಷ್ಟ ಅಷ್ಟು ದೊಡ್ಡದಿರಬಹುದು ಎಂದು ನಮ್ಮ ಯಾವ ಲೆಕ್ಕವೂ ಹೇಳುತ್ತಿರಲಿಲ್ಲ.

ಊಹೆ ಸಾಕು, ಜನ ಏನು ಬರೆಯುತ್ತಾರೆಂದು ಕಣ್ಣಾರೆ ನೋಡಬೇಕು ಎಂದು ಕಮಲಾಪುರಕ್ಕೆ ಹೋದೆವು. ಎಂಜಿನಿಯರ್, ನಾನು, ಮತ್ತು ಆ ಕಡೆಯಲ್ಲೇ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ನರ್ಸ್. ಆರೋಗ್ಯದ ಪುಟಗಳನ್ನು ಓದಿ ತಿದ್ದಿಕೊಡಲು ಒಪ್ಪಿದ್ದವರು ಅವರು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೊಲಿಗೆ ಅಂಗಡಿಯವರು ಅಂಗಡಿಯ ಮುಂದೆ ಜಾಗ ಕೊಟ್ಟರು. ಬಾಳೆ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರು, ಬಸ್ಸಿಗೆ ಕಾದವರು, ಕೆಂಪು ಬಾಳೆಗೊನೆ ಟೆಂಪೊಗೆ ಹೇರುವವರು ಬಂದು ಕುಳಿತರು.

ಪ್ರಶ್ನೆಯನ್ನು ಮಾತಿನಲ್ಲಿ ಕೇಳಿದರೆ ನಮ್ಮ ಪದವನ್ನೇ ಅವರು ತಿರುಗಿ ಬರೆಯುತ್ತಾರೆ. ಅದಕ್ಕೆ ಚಿತ್ರ ತೋರಿಸಿ, ಹೀಗಾದರೆ ಫೋನಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳುವ ಯೋಜನೆ ನನ್ನದು. ಹಾವಿನ ಚಿತ್ರ ತೋರಿಸಿದ ಮೊದಲ ಹೆಂಗಸು ಫೋನನ್ನು ಅಂಗೈಯಿಂದ ಮುಚ್ಚಿಬಿಟ್ಟಳು.

“ಏ ತಗೀರಿ ಯವ್ವಾ ಅದನ್ನ. ನಾಳಿ ತ್ವಾಟಕ್ಕ ಹೋಗಬೇಕು ನಾವು.”

ಆ ಚಿತ್ರ ಬಿಟ್ಟು, ಬಾಳೆಯ ಬುಡದಲ್ಲಿ ಊದಿದ ಕೈ ಹಿಡಿದು ಕುಳಿತ ಹೆಂಗಸೊಬ್ಬಳ ಗೆರೆಚಿತ್ರ ಬಿಡಿಸಿ ತೋರಿಸಿದೆವು. ಆಗ ಬರೆದರು. ಹುಳ, ಹುಳಾ, ಹುಳು, ಇಂಗ್ಲಿಷ್ ಅಕ್ಷರಗಳಲ್ಲಿ ಹುಳ. ‘ಮುಟ್ಟ್ಯಾದ’ ಎಂದು ಬರೆಯಲು ಹೊರಟವಳಿಗೆ ಕೀಲಿಮಣೆ ‘ಮುಟ್ಟಾದ’, ‘ಮುಂದ’ ಎಂದೆಲ್ಲ ಸೂಚಿಸಿತು, ಕೊನೆಗೆ ಅವಳು ಬೇಸತ್ತು ಆ ಪದವನ್ನೇ ಅಳಿಸಿದಳು. ಉಳಿದದ್ದು ಹುಳ. ಮೈಕ್ ಒತ್ತಿ ಮಾತಾಡಿದ ಇನ್ನೊಬ್ಬಳ ‘ಹುಳ’ ತೆರೆಯ ಮೇಲೆ ‘ಹೋಳಾ’ ಎಂದು ಮೂಡಿತು.

ಊರಿನಲ್ಲಿ ಸುದ್ದಿ ತಿಳಿದಿತ್ತು. ಒಬ್ಬಳು ನನ್ನ ಪಕ್ಕ ಕುಳಿತು ದನಿ ತಗ್ಗಿಸಿ, “ಅಕಿ ಸತ್ತಿದ್ದಕ್ಕ ಬಂದೀರೇನ್ರೀ?” ಎಂದಳು. ಹೌದೆಂದೆ. “ಅಕಿ ಭಾಳ ನಗತಿದ್ಳು. ಮುಂಜಾನಿ ಅಕಿ ಮೊದಲ ಬಂದ್ರ ನಮಗ ಕೆಲಸಾ ಹಗುರ ಅನಸ್ತಿತ್ತು,” ಎಂದು ಹೇಳಿ ಎದ್ದು ಹೋದಳು.

ಅಲ್ಲಿಂದ ಬಂದ ಮೇಲೆ ನಾನು ಮುಖ್ಯಸ್ಥರ ಮುಂದೆ ಒಂದು ಪ್ರಸ್ತಾಪ ಇಟ್ಟೆ. ಇಂಥ ಕೆಲವು ಪದಗಳಿಗೆ ಯಾವ ಪುಟ ಮೇಲೆ ಎಂಬ ಪೈಪೋಟಿಯನ್ನೇ ನಿಲ್ಲಿಸೋಣ. ಊಹೆ ಮಾಡುವುದು ಬೇಡ, ಕೇಳೋಣ. ಹುಳ ಎಂದು ಬರೆದ ತಕ್ಷಣ ತೆರೆಯ ತುಂಬ ಮೂರು ದೊಡ್ಡ ಗುಂಡಿಗಳು. ಮೊದಲನೆಯದು ಹಾವು ಕಡಿತ. ಎರಡನೆಯದು ಬೆಳೆ. ಮೂರನೆಯದು ಮಕ್ಕಳ ಹೊಟ್ಟೆಯ ಹುಳ.

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈಗ ತೊಗರಿ ಹೂವಿನ್ಯಾಗ ಅದ. ದಿನಾ ಎಷ್ಟು ಮಂದಿ ಹುಳ ಅಂತ ಬರೀತಾರ ನಿಮಗೇ ಗೊತ್ತು. ಒಂದು ಗುಂಡಿ ಹೆಚ್ಚಾದ್ರ ಅರ್ಧ ಮಂದಿ ಅಲ್ಲೇ ಬಿಟ್ಟು ಹೋಗ್ತಾರ. ಸಿಂಪಡಣೆ ಎರಡು ದಿನ ತಡಾ ಆದ್ರ ಬೆಳಿ ಹೋಗ್ತದ. ಅದೂ ಜೀವನದ ಮಾತೇ ಅಲ್ಲೇನು?”

“ರೈತರಿಗೆ ತಪ್ಪು ಪುಟ ತೋರಿಸಿದರ ಅವರು ಇನ್ನೊಮ್ಮೆ ಒತ್ತತಾರ ಸರ್. ಅಷ್ಟೇ ಅವರಿಗೆ ಆಗೋ ಹಾನಿ. ಹುಳ ಮುಟ್ಟಿದವರಿಗೆ ತಪ್ಪು ಪುಟ ತೋರಿಸಿದರ ಇನ್ನೊಮ್ಮೆ ಒತ್ತಾಕ ಹೊತ್ತಿರಲ್ಲ. ನಾವು ಎಷ್ಟು ಮಂದಿಗೆ ಬೇಕು ಅಂತ ಎಣಿಸ್ತೀವಿ. ತಪ್ಪಾದ್ರ ಏನು ಹೋಗ್ತದ ಅಂತ ಎಣಿಸೋದೇ ಇಲ್ಲ.”

ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಬಿಸಿಲಿನಲ್ಲಿ ಹೊಲ ಹೊಲ ತಿರುಗಿ ಒಬ್ಬೊಬ್ಬ ರೈತನ ಫೋನಿಗೂ ತಾವೇ ಈ ಆ್ಯಪ್ ಹಾಕಿಕೊಟ್ಟವರು. ಆ ರೈತರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗುವುದನ್ನು ನೋಡಬೇಕಾಗುತ್ತದೆ ಎಂಬ ಭಯ ಮುಖದ ಮೇಲೆ ಕಾಣುತ್ತಿತ್ತು.

“ನನ್ನ ತಲಿ ಒಪ್ಪತದ. ಕೈ ಒಪ್ಪವಲ್ದು,” ಎಂದರು. ಕೊನೆಗೆ, “ಕಮಲಾಪುರ ತಾಲ್ಲೂಕಿಗೆ ಅಷ್ಟೇ ಹಾಕ್ರಿ. ಏನಾಗ್ತದ ನೋಡೂಣು,” ಎಂದು ಕನ್ನಡಕ ಏರಿಸಿಕೊಂಡರು.

ಹಾಕಿದೆವು. ಅವರು ಹೇಳಿದ್ದೇ ಆಯಿತು. ಹುಳ ಎಂದು ಬರೆದು ಗುಂಡಿಗಳನ್ನು ಕಂಡವರಲ್ಲಿ ಬಹಳ ಜನ ಅಲ್ಲಿಗೇ ಮುಚ್ಚಿ ಹೋದರು. ಆ್ಯಪ್ ಬಳಸುವವರ ಲೆಕ್ಕ ತೋರಿಸುವ ನಮ್ಮ ತಿಂಗಳ ಗೆರೆ ಕೆಳಗಿಳಿಯಿತು. ಕರೆಗಳೂ ಬಂದವು. ಒಬ್ಬ ರೈತ ನಾನು ಹಲೋ ಎನ್ನುವುದಕ್ಕೂ ಬಿಡದೆ ಬೈದ.

“ಮುಂಜಾನೆದ್ದು ಹೊಲಕ್ಕ ಹೋಗೋ ಹೊತ್ತಿನ್ಯಾಗ ಅದರ ಹೆಸರು ತೋರಸ್ತೀರಲ್ರೀ, ಮನಷಾರೇನು ನೀವು? ನಮ್ಮ ಮನಿಯಾಕಿ ಫೋನೇ ಮುಟ್ಟವಲ್ಳು!”

ಎಂಜಿನಿಯರ್‌ಗೆ ಇದು ಮೂಢನಂಬಿಕೆ ಎನಿಸಿತು, ಹಾಗೆಂದೇ ಗೊಣಗಿದರು. ನನಗೆ ಹಾಗನಿಸಲಿಲ್ಲ. ಜನ ಯಾವ ಹೆಸರನ್ನು ಹೇಳಲಾರದೆ ಹುಳ ಎಂದು ಬರೆಯುತ್ತಾರೋ ಅದೇ ಹೆಸರನ್ನು ನಾವು ದಪ್ಪ ಅಕ್ಷರಗಳಲ್ಲಿ ಅವರ ಮುಖಕ್ಕೆ ಹಿಡಿದಿದ್ದೆವು. ಗುಂಡಿಯ ಮೇಲಿನ ಮಾತನ್ನು ಬದಲಿಸಿದೆ. ‘ಹಾವು ಕಡಿತ’ ತೆಗೆದು ‘ಯಾರಿಗಾದರೂ ಮುಟ್ಟಿದೆಯೇ?’ ಎಂದು ಹಾಕಿದೆ. ನರ್ಸ್ ಅದನ್ನು ಓದಿ, “ಮುಟ್ಟ್ಯಾದೇನು ಅಂತ ಹಾಕ್ರಿ. ಪುಸ್ತಕದ ಮಾತು ಅಂದ್ರ ಸರ್ಕಾರದ ನೋಟೀಸ್ ಅಂತ ತಿಳೀತಾರ,” ಎಂದರು. ‘ಯಾರಿಗರೆ ಮುಟ್ಟ್ಯಾದೇನು?’ ಎಂದಾಯಿತು. ಬೈಗುಳದ ಕರೆಗಳು ನಿಂತವು. ಬಿಟ್ಟುಹೋಗುವವರು ಕಡಿಮೆಯಾದರು, ಪೂರ್ತಿ ನಿಲ್ಲಲಿಲ್ಲ. ಇಳಿದ ಗೆರೆ ಮೊದಲಿದ್ದಲ್ಲಿಗೆ ಮತ್ತೆಂದೂ ಏರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪುಟವೇನೋ ಬರುತ್ತಿದೆ, ಅದರೊಳಗಿನ ನಂಬರುಗಳು ಸರಿಯಿವೆಯೇ ನೋಡೋಣವೆಂದು ಒಂದು ಬೆಳಿಗ್ಗೆ ನಾನೇ ಒಂದೊಂದಾಗಿ ಕರೆ ಮಾಡಿದೆ. ಕಮಲಾಪುರದವರು ಎತ್ತಿದರು, ಔಷಧಿ ಅಂದೂ ಇತ್ತು, ಈಗಲೂ ಇದೆ ಎಂದರು. ಒಂದು ಕಡೆ ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಂದು ನಂಬರನ್ನು ಎತ್ತಿದವರು ಬಟ್ಟೆ ಅಂಗಡಿಯವರು. ನಾವು ಯಾವಾಗಲೋ ತುಂಬಿಸಿ ಮರೆತ ಹಳೆಯ ನಂಬರುಗಳು ಅವು. ಹುಡುಕಾಟವನ್ನು ಇಷ್ಟು ದಿನ ಉಜ್ಜಿ ಉಜ್ಜಿ ಸರಿಮಾಡಿ ಕೊನೆಗೆ ಜನರನ್ನು ಕಳಿಸುತ್ತಿದ್ದದ್ದು ಬಟ್ಟೆ ಅಂಗಡಿಗೆ. ಮರುದಿನದಿಂದ ನಂಬರುಗಳಿಗೆ ಕರೆ ಮಾಡಿ, ಔಷಧಿ ಇದೆಯೇ ಎಂದು ಕೇಳಿ, ಕೇಳಿದ ಮೇಲೆಯೇ ಪುಟವನ್ನು ಹೊಸದು ಮಾಡುವುದು ನಮ್ಮ ದಿನದ ಮೊದಲ ಕೆಲಸವಾಯಿತು. ಹುಡುಕಾಟದ ಕೆಲಸವೆಂದರೆ ಫೋನ್ ಮಾಡುವ ಕೆಲಸ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಪುಟದಲ್ಲಿ ಊರು, ನಂಬರುಗಳಷ್ಟೇ ಇದ್ದರೆ ಸಾಲದು, ವಾಹನ ಬರುವವರೆಗೆ ಏನು ಮಾಡಬೇಕು ಎಂಬುದೂ ಇರಬೇಕು ಎಂದರು ನರ್ಸ್. ಅವರೇ ಕುಳಿತು ಹೇಳಿದರು, ನಾನು ಬರೆದೆ. ಒಂದೊಂದು ಸಾಲೂ ಚಿಕ್ಕದಾಗಿರಬೇಕು, ಜೋರಾಗಿ ಓದಿದರೆ ಒಂದೇ ಉಸಿರಿಗೆ ಮುಗಿಯಬೇಕು. ಆಂಬ್ಯುಲೆನ್ಸ್ ಕರೆಯಿರಿ. ಹತ್ತಿರದ ಜಾಗ ಇಲ್ಲಿದೆ. ನಡೆಸಬೇಡಿ, ಮಲಗಿಸಿ. ಬಳೆ, ಉಂಗುರ ತೆಗೆಯಿರಿ. ಹೀಗೆ ಸಾಗುವ ಆ ಸಾಲುಗಳನ್ನು ನರ್ಸ್ ತಮಗೆ ಪರಿಚಯದ ವೈದ್ಯರೊಬ್ಬರಿಗೂ ತೋರಿಸಿ ಒಪ್ಪಿಗೆ ಪಡೆದರು. ಎಲ್ಲ ಮುಗಿದ ಮೇಲೆ ಮುಖ್ಯಸ್ಥರು ಬಂದು ನನ್ನ ಹಿಂದೆ ನಿಂತು ಪೂರ್ತಿ ಓದಿದರು. “ಎಲ್ಲಾ ತಾಲ್ಲೂಕಿಗೂ ಹಾಕ್ರಿ,” ಎಂದರು. ಎಣ್ಣಿ, ದಮ್ಮು, ಎದಿ, ಇವಕ್ಕೂ ಅದೇ ಬಗೆಯ ಗುಂಡಿಗಳು ಬಂದವು.

ಇದನ್ನು ಮೆಕ್ಯಾನಿಕ್‌ಗೆ ತೋರಿಸಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಅವರಿಗೆ ಅದರಿಂದ ಏನಾದೀತು ಎಂದು ಯೋಚಿಸಿರಲಿಲ್ಲ. ತಪ್ಪು ನಿಮ್ಮದಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದ್ದೆ, ಕಣ್ಣಿಗೆ ಕಾಣುವಂತೆ ಹೇಳಬೇಕು ಎಂದಷ್ಟೇ ಅನಿಸಿತ್ತು. ಅವರ ವಾರದ ರಜೆಯ ದಿನ ಕೇಳಿಕೊಂಡು ನಾನೊಬ್ಬಳೇ ಕಮಲಾಪುರಕ್ಕೆ ಹೋದೆ. ತೋಟದ ಬದುವಿನ ಮೇಲೆ ಕುಳಿತಿದ್ದರು. ಬಾಳೆ ಎಲೆಗಳು ಬಿಸಿಲಿಗೆ ಜೋತುಬಿದ್ದಿದ್ದವು. ಬುಡದಲ್ಲಿನ ಒಣ ಎಲೆಯನ್ನು ಯಾರೂ ಬಿಡಿಸಿರಲಿಲ್ಲ.

“ನೀವೇ ಬರದು ನೋಡ್ರಿ,” ಎಂದೆ.

ತಮ್ಮ ಫೋನಿನಲ್ಲೇ ಬರೆದರು. ಹುಳ. ಮೂರು ಗುಂಡಿಗಳು ಬಂದವು. ‘ಯಾರಿಗರೆ ಮುಟ್ಟ್ಯಾದೇನು?’ ಎಂಬುದನ್ನು ನೋಡಿ ಒಂದು ಕ್ಷಣ ಹೆಬ್ಬೆರಳು ಹಾಗೇ ನಿಂತಿತು. ಆಮೇಲೆ ಒತ್ತಿದರು. ಪುಟ ತೆರೆಯಿತು. ಶಾಲೆಯ ಹುಡುಗರಂತೆ ಬಾಯಿಬಿಟ್ಟು ಒಂದೊಂದೇ ಸಾಲು ಓದತೊಡಗಿದರು. ಕಮಲಾಪುರದ ಹೆಸರು ಬಂದಾಗ ದನಿ ಬದಲಾಗಲಿಲ್ಲ. ಅದು ಅವರಿಗೆ ಗೊತ್ತಿದ್ದದ್ದೇ. ನಡೆಸಬೇಡಿ. ಬಳೆ ತೆಗೆಯಿರಿ. ಆಮೇಲಿನ ಸಾಲಿಗೆ ಬಂದು ನಿಂತುಬಿಟ್ಟರು.

‘ಹಗ್ಗ, ಟವೆಲ್ ಯಾವುದರಿಂದಲೂ ಬಿಗಿಯಾಗಿ ಕಟ್ಟಬೇಡಿ.’

ಅದನ್ನು ಜೋರಾಗಿ ಓದಲಿಲ್ಲ. ತುಟಿ ಮಾತ್ರ ಅಲುಗಿತು. ಮತ್ತೊಮ್ಮೆ ಮೊದಲಿನಿಂದ ಆ ಸಾಲನ್ನು ಓದಿದರೆಂದು ಕಾಣುತ್ತದೆ.

“ನಾ ಕಟ್ಟಿದ್ದೆ,” ಎಂದರು. “ಟವೆಲ್ ತಗೊಂಡು ಮೊಣಕೈ ಮ್ಯಾಲ. ಜೋರಾಗಿ ಕಟ್ಟಿದ್ದೆ. ಅಕ್ಕ ಬಿಡಸೋ ತಮ್ಮಾ, ಕೈ ಉರಿಯಾಕತ್ತದ ಅಂದ್ಳು. ನಾ ಬಿಡಸಲಿಲ್ಲ. ಅಷ್ಟೇ ಚಲೋ ಅಂತ ತಿಳಕೊಂಡು ಇನ್ನೂ ಬಿಗಿದೆ.”

ಆ ಸಾಲನ್ನು ಬರೆದದ್ದು ನನ್ನ ಕೈ. ಹುಡುಕಿದ್ದು ಸಿಗುವಂತೆ ಮಾಡಿದ್ದೂ ನಾನೇ.

“ಕಟ್ಟಿದ್ರ ಏನಾಗ್ತದ್ರೀ?”

“ಕೈಗೆ ರಕ್ತ ಹೋಗೋದು ನಿಲ್ತದಂತ. ಕೈಗೆ ಧಕ್ಕೆ ಆಗ್ತದ. ಅದರಿಂದನೇ ಅವರು ಹೋದ್ರು ಅಂತ ಯಾರಿಗೂ ಹೇಳಾಕ ಆಗಲ್ರೀ. ನರ್ಸಮ್ಮಾರೂ ಹೇಳಲ್ಲ.”

“ಅಲ್ಲ ಅಂತನೂ ಹೇಳಾಕ ಆಗಲ್ಲ,” ಎಂದರು ಅವರು.

ತೋಟದಾಚೆ ಯಾರೋ ಗೊನೆ ಕಡಿಯುತ್ತಿದ್ದರು, ಕತ್ತಿಯ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಅವರು ಫೋನನ್ನು ದೂರ ಹಿಡಿದರು, ಹತ್ತಿರ ತಂದರು, ಹೆಬ್ಬೆರಳಿನಿಂದ ಪುಟವನ್ನು ಮೇಲೆ ಕೆಳಗೆ ಸರಿಸಿದರು.

“ಇದು ಇಷ್ಟು ಕೆಳಗ ಯಾಕ್ರೀ ಅದ?”

“ಆಂಬ್ಯುಲೆನ್ಸ್ ಮೊದಲು ಬರಬೇಕಲ್ರೀ, ಅದಕ್ಕ.”

“ಆಂಬ್ಯುಲೆನ್ಸ್ ಮೊದಲು ಇರಲಿ. ಇದು ಎರಡನೇದು ಬರಲಿ. ಹುಳ ಮುಟ್ಟಿದ ಮ್ಯಾಲ ಎಲ್ಲರೂ ಮೊದಲ ಮಾಡೋದು ಇದನ್ನೇ. ಫೋನ್ ತಗಿಯೋದ್ರಾಗ ಕಟ್ಟಿ ಮುಗಸಿರ್ತಾರ. ಕಟ್ಟಿದ್ರ ಸಾವಕಾಶ ಬಿಡಸೋದು ಹ್ಯಾಂಗ, ಯಾರ ಮುಂದ ಬಿಡಸಬೇಕು, ಅದನ್ನೂ ಕೇಳಿ ಬರೀರಿ. ಅಕ್ಷರ ದೊಡ್ಡದು ಮಾಡ್ರಿ.”

ಅಲ್ಲಿಂದಲೇ ನರ್ಸ್‌ಗೆ ಕರೆ ಮಾಡಿದೆ. ಕಟ್ಟಿದ್ದನ್ನು ತಟ್ಟನೆ ಬಿಚ್ಚಬಾರದು, ದವಾಖಾನೆಯಲ್ಲಿ ವೈದ್ಯರ ಎದುರೇ ಬಿಚ್ಚಿಸಬೇಕು ಎಂದು ಅವರು ಹೇಳಿದ್ದನ್ನು ಬರೆದುಕೊಂಡೆ. ಆಮೇಲೆ ಎಂಜಿನಿಯರ್‌ಗೆ ಕರೆ ಮಾಡಿ ಯಾವ ಸಾಲು ಎಲ್ಲಿಗೆ ಹೋಗಬೇಕು ಎಂದು ಹೇಳಿದೆ. ಯಾಕೆ ಎಂದು ಅವರು ಕೇಳಿದರು. ಬಂದು ಹೇಳುತ್ತೇನೆ ಎಂದೆ.

ನಾವು ಬದುವಿನ ಮೇಲೆಯೇ ಕಾದೆವು. ಅವರು ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು. ಪ್ರತಿಸಲವೂ ಮುಚ್ಚಿ, ಖಾಲಿ ಚೌಕದಲ್ಲಿ ಹುಳ ಎಂದು ಹೊಸದಾಗಿ ಬರೆದು, ಮೊದಲ ಗುಂಡಿ ಒತ್ತಿ. ಯಾಕೆ ಪ್ರತಿಸಲ ಮೊದಲಿನಿಂದ ಬರೆಯುತ್ತೀರಿ, ತೆರೆದ ಪುಟವನ್ನೇ ಹೊಸದು ಮಾಡಬಹುದು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಒಂದು ಸಲ ಬರೆದು, ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ನೋಡಿದರು.

“ಬಂತ್ರೀ,” ಎಂದರು.

ಫೋನನ್ನು ನನಗೆ ತೋರಿಸಲಿಲ್ಲ. ಆ ದೊಡ್ಡ ಅಕ್ಷರಗಳನ್ನು ಒಬ್ಬರೇ ಕೊನೆಯವರೆಗೆ ಓದಿ, ತೆರೆಯನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗಿಟ್ಟರು.

“ಇನ್ನ ಹೋಗ್ರಿ ನೀವು. ಕಲಬುರಗಿ ಬಸ್ ಬರೋ ಹೊತ್ತಾತು.”